ಗಲ್ಲಾಪೆಟ್ಟಿಗೆಯ ಲೆಕ್ಕ ಮತ್ತು ತಂತ್ರಜ್ಞಾನ ಕಂಪನಿಗಳ ಯಜಮಾನಿಕೆ

ಮನರಂಜನೋದ್ಯಮದ ಮೇಲೆ ಬೃಹತ್ ತಂತ್ರಜ್ಞಾನ ಕಂಪನಿಗಳು ಬೀರುತ್ತಿರುವ ಪ್ರಭಾವವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಬಂಡವಾಳದ ಪ್ರಮಾಣವನ್ನೇ ಕೇಂದ್ರವಾಗಿಸಿಕೊಂಡಿವೆ. 1924ರಲ್ಲಿ ಸ್ಥಾಪನೆಗೊಂಡ ಎಂಜಿಎಂ ಸ್ಟುಡಿಯೋವನ್ನು ಅಮೆಜಾನ್ ಕಂಪನಿಯು 2022ರಲ್ಲಿ ಸುಮಾರು 850 ಕೋಟಿ ಡಾಲರುಗಳಿಗೆ ತನ್ನದಾಗಿಸಿಕೊಂಡದ್ದು, ಅದೇ ವರ್ಷ ಆಪಲ್ ಕಂಪನಿ ಹಕ್ಕು ಕೊಂಡಿದ್ದ ‘ಕೋಡಾ’ ಚಿತ್ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದದ್ದು, ಇವು ಅಂಥ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುವ ನಿದರ್ಶನಗಳು. ಆದರೆ ಹಾಲಿವುಡ್ಡಿಗೆ ಹೊರಗಿನ ಬಂಡವಾಳವೇನೂ ಹೊಸತಲ್ಲ. ಕೋಕಾ-ಕೋಲಾ ಕಂಪನಿಯು 1982ರಲ್ಲಿಯೇ ಕೊಲಂಬಿಯಾ ಸ್ಟುಡಿಯೋವನ್ನು ಕೊಂಡಿತ್ತು. 1989ರಲ್ಲಿ ಅದು ಜಪಾನಿನ ಸೋನಿಯ ಪಾಲಾಯಿತು. ತಂಪುಪಾನೀಯದ ಕಂಪನಿ ಒಡೆಯನಾಗಿದ್ದಾಗಲೂ ಚಿತ್ರವೊಂದು ಗೆದ್ದಿತೋ ಸೋತಿತೋ ಎಂಬುದನ್ನು ಸಾರುತ್ತಿದ್ದದ್ದು ಚಿತ್ರಮಂದಿರದ ಟಿಕೆಟ್ ಕಿಟಕಿಯೇ. ಇಂದಿನ ಪಲ್ಲಟದ ನಿಜವಾದ ನೆಲೆ ಇರುವುದು ಇಲ್ಲಿ. ಎಷ್ಟು ಜನ ನೋಡಿದರು ಎಂಬ ಲೆಕ್ಕವೇ ಕೈ ಬದಲಾಯಿಸಿದೆ.

ಕನ್ನಡದ ‘ಗಲ್ಲಾಪೆಟ್ಟಿಗೆ’ ಎಂಬ ಪದ ಈ ದೃಷ್ಟಿಯಿಂದ ಅರ್ಥಪೂರ್ಣವಾದುದು. ಪೆಟ್ಟಿಗೆ ಪ್ರದರ್ಶಕನದೇ ಆದರೂ ಅದರೊಳಗಿನ ಮೊತ್ತದ ಮೇಲೆ ವಿತರಕನಿಗೂ ನಿರ್ಮಾಪಕನಿಗೂ ಪಾಲಿತ್ತು; ಆದ್ದರಿಂದ ಎಣಿಕೆಯನ್ನು ಕೇಳುವ ಹಕ್ಕೂ ಇತ್ತು. ಎಣಿಕೆಯಲ್ಲಿ ಮೋಸವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಮೋಸವೆಂದು ದೂರಲು ಸಹ ಹೋಲಿಸಿ ನೋಡುವ ಇನ್ನೊಂದು ಲೆಕ್ಕ ಬೇಕು. ತುಂಬಿದ ಮಂದಿರ ಬೀದಿಯಲ್ಲಿ ಹೋಗುವವನ ಕಣ್ಣಿಗೂ ಬೀಳುತ್ತಿತ್ತು.

ಅಮೆರಿಕದಲ್ಲಿ ಈ ಹಂಚಿಕೆಯ ವ್ಯವಸ್ಥೆಗೆ ಕಾನೂನಿನ ಬಲವೂ ದೊರೆತಿತ್ತು. ಚಿತ್ರ ನಿರ್ಮಿಸುವ, ವಿತರಿಸುವ, ತಮ್ಮದೇ ಮಂದಿರಗಳಲ್ಲಿ ಪ್ರದರ್ಶಿಸುವ ಮೂರೂ ಅಧಿಕಾರಗಳನ್ನು ದೊಡ್ಡ ಸ್ಟುಡಿಯೋಗಳು ಒಟ್ಟಿಗೆ ಹೊಂದಿದ್ದುದನ್ನು 1948ರ ಪ್ಯಾರಮೌಂಟ್ ಮೊಕದ್ದಮೆಯ ತೀರ್ಪಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಏಕಸ್ವಾಮ್ಯ ವಿರೋಧಿ ಕಾಯಿದೆಯ ಉಲ್ಲಂಘನೆಯೆಂದು ಪರಿಗಣಿಸಿತು. ಸ್ಟುಡಿಯೋಗಳು ಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಈ ತೀರ್ಪಿನಿಂದ ಹುಟ್ಟಿದ ನಿರ್ಬಂಧಗಳನ್ನು 2020ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ರದ್ದುಗೊಳಿಸಿತು. ಅಷ್ಟರಲ್ಲಿ ನಿರ್ಮಾಣ, ವಿತರಣೆ, ಪ್ರದರ್ಶನಗಳನ್ನು ಒಂದೇ ಪರದೆಯೊಳಗೆ ಅಡಗಿಸಿಕೊಂಡ ಕಂಪನಿಗಳು ಬೇರೂರಿದ್ದವು ಎಂಬುದು ಚರಿತ್ರೆಯ ವ್ಯಂಗ್ಯ.

ನೆಟ್‌ಫ್ಲಿಕ್ಸ್‌ನ ಬೆಳವಣಿಗೆ ಇದಕ್ಕೆ ಸ್ಪಷ್ಟ ನಿದರ್ಶನ. 1997ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಮೊದಲು ಅಂಚೆಯ ಮೂಲಕ ಡಿವಿಡಿಗಳನ್ನು ಬಾಡಿಗೆಗೆ ಕಳುಹಿಸುತ್ತಿತ್ತು. 2007ರಲ್ಲಿ ಅಂತರ್ಜಾಲ ಪ್ರಸಾರ ಆರಂಭವಾದಾಗ ನೋಡುಗ ಎಲ್ಲಿ ನಿಲ್ಲಿಸಿದ, ಏನನ್ನು ಮತ್ತೆ ನೋಡಿದ ಎಂಬ ವಿವರಗಳೆಲ್ಲ ಅದರ ಬಳಿ ಸಂಗ್ರಹವಾಗತೊಡಗಿದವು. 2013ರಲ್ಲಿ ಬಂದ ‘ಹೌಸ್ ಆಫ್ ಕಾರ್ಡ್ಸ್’ ಸರಣಿಗೆ, ವಾಡಿಕೆಯ ಪ್ರಾಯೋಗಿಕ ಕಂತನ್ನೂ ಕೇಳದೆ, ಎರಡು ಆವೃತ್ತಿಗಳ 26 ಕಂತುಗಳಿಗೆ ಒಮ್ಮೆಲೇ ಒಪ್ಪಿಗೆ ನೀಡಿದ್ದರ ಹಿಂದೆ ಈ ಸಂಗ್ರಹದ ಧೈರ್ಯವಿತ್ತು. ಆದರೆ ಸರಣಿಯನ್ನು ಎಷ್ಟು ಜನ ನೋಡಿದರೆಂಬುದನ್ನು ಸಂಸ್ಥೆ ಪ್ರಕಟಿಸಲಿಲ್ಲ. ಜಾಹೀರಾತಿನಿಂದ ಬದುಕುವ ದೂರದರ್ಶನ ವಾಹಿನಿಗೆ ವೀಕ್ಷಕರ ಸಂಖ್ಯೆಯನ್ನು ತೋರಿಸುವುದು ಅನಿವಾರ್ಯ; ಚಂದಾದಿಂದ ಬದುಕುವ ಸಂಸ್ಥೆಗೆ ಅಂಥ ಅನಿವಾರ್ಯತೆಯಿರಲಿಲ್ಲ. ಇನ್ನು ಅಮೆಜಾನಿಗೆ ಚಿತ್ರವೇ ಅಂತಿಮ ಸರಕಲ್ಲ. ಗೋಲ್ಡನ್ ಗ್ಲೋಬ್ ಪ್ರಶಸ್ತಿ ಗೆದ್ದರೆ ಪಾದರಕ್ಷೆಗಳ ಮಾರಾಟಕ್ಕೆ ನೆರವಾಗುತ್ತದೆಂಬ ಅರ್ಥದ ಮಾತನ್ನು ಜೆಫ್ ಬೆಜೋಸ್ 2016ರಲ್ಲಿ ಬಹಿರಂಗವಾಗಿಯೇ ಆಡಿದ್ದರು.

ಈ ಗೌಪ್ಯದ ಭಾರ ಬಿದ್ದದ್ದು ಬರೆಯುವವರ ಮತ್ತು ನಟಿಸುವವರ ಮೇಲೆ. 1960ರಲ್ಲಿ ಲೇಖಕರೂ ನಟರೂ ಮುಷ್ಕರ ಹೂಡಿ, ಚಿತ್ರಗಳು ದೂರದರ್ಶನದಲ್ಲಿ ಪ್ರಸಾರವಾದಾಗ ತಮಗೂ ಪಾಲು ಸಲ್ಲಬೇಕೆಂಬ ಹಕ್ಕನ್ನು ಗಳಿಸಿದ್ದರು. ಕೆಲಸವಿಲ್ಲದ ತಿಂಗಳುಗಳಲ್ಲಿ ಅನೇಕರ ಮನೆ ನಡೆಯುತ್ತಿದ್ದದ್ದು ಈ ಮರುಪ್ರಸಾರದ ಸಂಭಾವನೆಯಿಂದ. ಅಂತರ್ಜಾಲ ವೇದಿಕೆಯಲ್ಲಿ ‘ಮರುಪ್ರಸಾರ’ ಎಂಬ ಘಟನೆಯೇ ಇಲ್ಲ. ಕೃತಿ ಸದಾ ಅಲ್ಲೇ ಇರುತ್ತದೆ. ಹೀಗಾಗಿ ಜಗತ್ತೆಲ್ಲ ನೋಡಿದ ಸರಣಿಗೂ ಯಾರೂ ನೋಡದ ಸರಣಿಗೂ ಸಲ್ಲುವ ನಿಗದಿತ ಮೊತ್ತದಲ್ಲಿ ಜನಪ್ರಿಯತೆಯ ಕಾರಣದಿಂದ ವ್ಯತ್ಯಾಸವಾಗುತ್ತಿರಲಿಲ್ಲ. 2023ರ ಮೇ 2ರಂದು ಆರಂಭವಾದ ಲೇಖಕರ ಮುಷ್ಕರ 148 ದಿನ ನಡೆಯಿತು. ಜುಲೈನಲ್ಲಿ ನಟರೂ ಸೇರಿಕೊಂಡರು. ಕೃತಕ ಬುದ್ಧಿಮತ್ತೆಯ ಪ್ರಶ್ನೆ ಆಗ ಹೆಚ್ಚು ಸುದ್ದಿಯಾಯಿತಾದರೂ ಒಪ್ಪಂದದ ಇನ್ನೊಂದು ಅಂಶ ಅದಕ್ಕಿಂತ ಕಡಿಮೆಯದಲ್ಲ. ವೇದಿಕೆಗಾಗಿಯೇ ತಯಾರಾದ ದೊಡ್ಡ ವೆಚ್ಚದ ಕೃತಿಯೊಂದರ ವೀಕ್ಷಣೆ ಮೊದಲ 90 ದಿನಗಳಲ್ಲಿ ಅಲ್ಲಿನ ದೇಶೀಯ ಚಂದಾದಾರರ ಸಂಖ್ಯೆಯ ಶೇಕಡಾ 20ನ್ನು ಮುಟ್ಟಿದರೆ ಲೇಖಕರಿಗೆ ಹೆಚ್ಚುವರಿ ಸಂಭಾವನೆ ಸಲ್ಲಬೇಕು. ಅದಕ್ಕಾಗಿ ವೀಕ್ಷಣೆಯ ಗಂಟೆಗಳ ಲೆಕ್ಕವನ್ನು ಕಂಪನಿಗಳು ಸಂಘಕ್ಕೆ ಒಪ್ಪಿಸಬೇಕು. ಗೌಪ್ಯದ ಷರತ್ತಿಗೆ ಒಳಪಟ್ಟೇ ಆದರೂ ಬೀಗ ತುಸು ಸಡಿಲಿತು. ಅದೇ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ 18,000ಕ್ಕೂ ಹೆಚ್ಚು ಶೀರ್ಷಿಕೆಗಳ ಅರ್ಧವಾರ್ಷಿಕ ಲೆಕ್ಕವನ್ನು ಪ್ರಕಟಿಸಿತು. ಗಂಟೆಗಳ ಈ ಪಟ್ಟಿಯಿಂದ ಕೃತಿಯನ್ನು ಕೊನೆಯವರೆಗೆ ನೋಡಿದವರೆಷ್ಟು, ಅರ್ಧಕ್ಕೆ ಬಿಟ್ಟವರೆಷ್ಟು ಎಂಬುದು ಮಾತ್ರ ತಿಳಿಯದು. ಮುಂದಿನ ಕೃತಿಗೆ ಹಣ ಹೂಡಬೇಕೇ ಬೇಡವೇ ಎಂಬ ನಿರ್ಧಾರಕ್ಕೆ ಬೇಕಾದದ್ದು ಅದೇ.

ಸಣ್ಣ ಮಾರುಕಟ್ಟೆಯ ಭಾಷೆಗಳಿಗೆ ಈ ಸ್ಥಿತಿ ಮತ್ತಷ್ಟು ಇಕ್ಕಟ್ಟಿನದು. ಚಿತ್ರಮಂದಿರಗಳು ಮುಚ್ಚಿದ್ದ 2020ರ ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ತೆರೆಕಂಡಾಗ ಕನ್ನಡ ಚಿತ್ರೋದ್ಯಮದಲ್ಲಿ ಹೊಸ ನಿರೀಕ್ಷೆ ಮೂಡಿತ್ತು. ಅನಂತರದ ವರ್ಷಗಳಲ್ಲಿ ವೇದಿಕೆಗಳು ಕನ್ನಡ ಕೃತಿಗಳನ್ನು ಕೊಳ್ಳಲು ಹಿಂಜರಿಯುತ್ತಿವೆ ಎಂಬ ದೂರು ನಿರ್ಮಾಪಕರಿಂದ ಕೇಳಿಬಂತು. ಕನ್ನಡಕ್ಕೆ ನೋಡುಗರಿಲ್ಲವೆಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಈ ಉತ್ತರವನ್ನು ಒಪ್ಪಲೂ ಅಲ್ಲಗಳೆಯಲೂ ಬೇಕಾದ ಅಂಕಿಗಳು ಉತ್ತರ ಕೊಟ್ಟವರ ಬಳಿಯೇ ಇವೆ. ರಕ್ಷಿತ್ ಶೆಟ್ಟಿಯವರು ನಿರ್ಮಾಣದಲ್ಲಿ ಪಾಲ್ಗೊಂಡ, ಕರಾವಳಿಯ ಹಿನ್ನೆಲೆಯ ಏಳು ಕಥೆಗಳ ‘ಏಕಂ’ ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಕೊಳ್ಳದಿದ್ದಾಗ, 2024ರ ಜುಲೈನಲ್ಲಿ ಅದನ್ನು ಸ್ವಂತ ಜಾಲತಾಣದಲ್ಲಿಯೇ ಬಿಡುಗಡೆ ಮಾಡಲಾಯಿತು. ನೋಡುಗರ ಲೆಕ್ಕ ಈ ಬಾರಿ ತಯಾರಿಸಿದವರ ಕೈಯಲ್ಲೇ ಉಳಿಯಿತು. ಆದರೆ ಅಂಥದೊಂದು ತಾಣವಿದೆಯೆಂದು ಜನರಿಗೆ ತಿಳಿಸುವುದಕ್ಕೆ ಯೂಟ್ಯೂಬ್ ಮುಂತಾದ ಜಾಲತಾಣಗಳನ್ನೇ ಆಶ್ರಯಿಸಬೇಕಾಗಿತ್ತು.