ನಮ್ಮ ಹೊಲದ ಮಾತು ನಮ್ಮ ಸರ್ವರ್‌ನಲ್ಲೇ ಇರಲಿ

ಮೆಕ್ಕೆಜೋಳದ ಸುಳಿಯಲ್ಲಿ ಹುಳು ಕಂಡ್ರೆ ನಾವೀಗ ಮೊದಲು ಮಾಡೋ ಕೆಲಸ ಫೋಟೊ ತೆಗೆದು ಗ್ರೂಪಿಗೆ ಹಾಕೋದು. ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ದೇಶದಲ್ಲೇ ಮೊದಲು ಪತ್ತೆಯಾದದ್ದು ನಮ್ಮ ಕರ್ನಾಟಕದಲ್ಲಿ, 2018ರಲ್ಲಿ. ತಲೆ ಮೇಲೆ ತಿರುಗಿಸಿಟ್ಟ ‘ವೈ’ ಆಕಾರದ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಇಂಥ ಗುರುತು, ಯಾವ ಔಷಧಿ ಹೊಡೆದರು, ಏನಾಯ್ತು ಅನ್ನೋ ಮಾತೆಲ್ಲ ಗ್ರೂಪುಗಳಲ್ಲಿ ಹರಿದು ಹೋಗ್ತದೆ. ಎರಡು ವರ್ಷದ ನಂತರ ಅದನ್ನ ಹುಡುಕಿದ್ರೆ ಸಿಗ್ತದಾ?

ಸಿಗೋದು ಕಷ್ಟ. ವಾಟ್ಸ್‌ಆ್ಯಪ್ ಗ್ರೂಪಿನ ನೆನಪು ಒಬ್ಬೊಬ್ಬರ ಫೋನಿನಲ್ಲಿ ಇರ್ತದೆ. ಫೋನ್ ಕೆಟ್ಟರೆ, ಬ್ಯಾಕಪ್ ಇಲ್ಲದಿದ್ದರೆ ಹೋಯ್ತು. ಇವತ್ತು ಸೇರಿದ ಹುಡುಗನಿಗೆ ಕಳೆದ ಮುಂಗಾರಿನ ಮಾತು ಕಾಣೋದಿಲ್ಲ.

ಕಂಪನಿಯ ಆ್ಯಪ್ ನಂಬಿದ್ರೂ ಅಷ್ಟೇ. ಬೆಂಗಳೂರಿನ ‘ಕೂ’ ನೆನಪಿದೆಯಲ್ಲ? 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾದ ಆ ಹಳದಿ ಹಕ್ಕಿ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಅಂಗಡಿ ಒಬ್ಬರದು, ಸರಕು ನಮ್ಮದು. ಅಂಗಡಿ ಮುಚ್ಚಿದ್ರೆ ಸರಕಿಗೆ ಗತಿಯಿಲ್ಲ.

ಬೇರೆ ದಾರಿ ಯಾವುದು?

ನಿಮ್ಮದು ಜಿಯೊ ಸಿಮ್, ಮಾವನದು ಏರ್‌ಟೆಲ್. ಆದ್ರೂ ಮಾತು ನಡೀತದೆ. ಸಾಮಾಜಿಕ ಜಾಲತಾಣವೂ ಹಾಗೇ ಇರಬಹುದು. ಇದನ್ನೇ ವಿಕೇಂದ್ರೀಕೃತ ಜಾಲತಾಣ ಅಂತಾರೆ. ‘ಆ್ಯಕ್ಟಿವಿಟಿಪಬ್’ ಅನ್ನೋ ಒಪ್ಪಿತ ನಿಯಮವನ್ನ ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಅಧಿಕೃತವಾಗಿ ಪ್ರಕಟಿಸಿತು. ಪ್ರತಿ ಖಾತೆಗೂ ಒಂದು ಒಳಪೆಟ್ಟಿಗೆ, ಒಂದು ಹೊರಪೆಟ್ಟಿಗೆ. ನೀವು ಪೋಸ್ಟ್ ಹಾಕಿದ್ರೆ, ನಿಮ್ಮನ್ನ ಹಿಂಬಾಲಿಸುವವರ ಸರ್ವರ್‌ಗೆ ಒಂದು ಪ್ರತಿ ಹೋಗ್ತದೆ. 2016ರಲ್ಲಿ ಬಂದ ಮಾಸ್ಟೊಡಾನ್ ಈ ನಿಯಮದ ಮೇಲೆ ನಡೆಯುವ ಹೆಸರಾದ ತಂತ್ರಾಂಶ, ಉಚಿತ.

ಅಂದ್ರೆ ಹಿನ್ನೀರಿನ ದಂಡೆಯ ನಮ್ಮ ಹಂಪಸಾಗರದ ಸಂಘಕ್ಕೆ ಒಂದು ಸರ್ವರ್, ಕೊಟ್ಟೂರಿನವರಿಗೆ ಒಂದು, ಹಡಗಲಿಯವರಿಗೆ ಒಂದು. ಎಲ್ಲರೂ ಒಬ್ಬರ ಪೋಸ್ಟ್ ಒಬ್ಬರು ನೋಡಬಹುದು. ಒಂದು ಕೆಟ್ಟರೂ ಉಳಿದವು ನಡೀತಾವೆ.

ಇದು ಬರೀ ಪಟ್ಟಣದವರ ಆಟ ಅಲ್ಲ. ಬೆಂಗಳೂರಿನ ಜನಸ್ತು ಸಂಸ್ಥೆ ತುಮಕೂರಿನ ದೇವರಾಯನದುರ್ಗದ ಹಳ್ಳಿಗಳಲ್ಲಿ ಊರಿನವರೇ ನಡೆಸುವ ವೈಫೈ ಜಾಲದ ಮೇಲೆ ಕೆಲಸ ಮಾಡಿದೆ. ಓದು ಬರಹ ಬಾರದವರೂ ಸೇರಲಿ ಅಂತ ಜನರ ಮಾತನ್ನ ಧ್ವನಿಯಲ್ಲೇ ಕೂಡಿಡುವ ದಾರಿ ಹಿಡಿದಿದೆ. ನಮ್ಮ ಹಿರಿಯರ ಬೇಸಾಯದ ಅನುಭವ ಕೂಡಿಡೋಕೂ ಇದೇ ದಾರಿ ಸರಿ ಅಂತ ನನಗನ್ನಿಸ್ತದೆ.

ಶುರು ಮಾಡೋದು ಹೇಗೆ?

1. ಡೊಮೇನ್ ಹೆಸರನ್ನ ಸಂಘದ ಅಥವಾ ರೈತ ಉತ್ಪಾದಕ ಕಂಪನಿಯ ಹೆಸರಲ್ಲಿ ಕೊಳ್ಳಿ, ಒಬ್ಬ ವ್ಯಕ್ತಿಯ ಹೆಸರಲ್ಲಿ ಬೇಡ. ಖಾತೆಗಳ ವಿಳಾಸ ನಿಂತಿರೋದೇ ಇದರ ಮೇಲೆ.

2. ಬಾಡಿಗೆ ಸರ್ವರ್ ತಗೊಳ್ಳಿ. ಮಾಸ್ಟೊಡಾನ್‌ಗೆ ದೊಡ್ಡ ಸರ್ವರ್ ಬೇಕು. ನೂರು ಜನರ ಒಳಗಿನ ಗುಂಪಿಗೆ ‘ಗೋಟುಸೋಶಿಯಲ್’ ಸಾಕು. 1 ಜಿಬಿ ರ್ಯಾಮ್‌ನಲ್ಲಿ ನಡೀತದೆ.

3. ಸದಸ್ಯರ ಫೋನಿಗೆ ‘ಟಸ್ಕಿ’ ಆ್ಯಪ್ ಹಾಕಿಸಿ. ಕೋಡ್ ಬರೆಯಬಲ್ಲ ಗೆಳೆಯರಿದ್ದರೆ ಸರ್ವರ್ ಹೊಸದಾಗಿ ಕಟ್ಟೋಕೆ ಹೋಗಬೇಡಿ. ಗೋಟುಸೋಶಿಯಲ್ ಮಾಸ್ಟೊಡಾನ್‌ನ ಎಪಿಐಯನ್ನೇ ಬಳಸ್ತದೆ. ಅದರ ಮೇಲೆ ದೊಡ್ಡ ಗುಂಡಿಗಳಿರುವ ಚಿಕ್ಕ ಕನ್ನಡ ಆ್ಯಪ್ ಮಾಡಿ.

4. ಪೋಸ್ಟಿಗೆ ಒಂದು ಕ್ರಮ ಇರಲಿ: ಊರು, ಬೆಳೆ, ಬಿತ್ತಿ ಎಷ್ಟು ದಿನ, ಫೋಟೊ, ಏನು ಹೊಡೆದಿರಿ, ವಾರದ ನಂತರ ಏನಾಯ್ತು. ‘#ಮೆಕ್ಕೆಜೋಳ’, ‘#ಈರುಳ್ಳಿ’ ಅಂತ ಹ್ಯಾಶ್‌ಟ್ಯಾಗ್ ಹಾಕಿದ್ರೆ ಮುಂದಿನ ವರ್ಷ ಹುಡುಕೋದು ಸುಲಭ.

5. ವಾರಕ್ಕೊಮ್ಮೆ ಡೇಟಾಬೇಸ್ ಮತ್ತು ಫೋಟೊಗಳ ಪ್ರತಿ ತೆಗೆದು ಬೇರೆ ಕಡೆ ಇಡಿ. ಇದಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಉಪಯೋಗವಿಲ್ಲ.

ಎಚ್ಚರ ಎಲ್ಲಿ ಬೇಕು?

ಇಲ್ಲಿಯ ಖಾಸಗಿ ಸಂದೇಶಕ್ಕೆ ವಾಟ್ಸ್‌ಆ್ಯಪ್‌ನಂಥ ಬೀಗ ಇಲ್ಲ. ಸರ್ವರ್ ನೋಡಿಕೊಳ್ಳುವವರು ಮನಸ್ಸು ಮಾಡಿದ್ರೆ ಓದಬಹುದು. ಆಧಾರ್, ಪಾಸ್‌ಬುಕ್, ಸಾಲದ ಕಾಗದ ಹಾಕಲೇಬೇಡಿ. ಅಳಿಸಿದ ಪೋಸ್ಟ್ ಬೇರೆ ಸರ್ವರ್‌ನಲ್ಲಿ ಉಳಿದಿರಬಹುದು. ಮಾಸ್ಟೊಡಾನ್‌ನಲ್ಲಿ ಖಾತೆ ಸ್ಥಳಾಂತರಿಸಿದ್ರೆ ಹಿಂಬಾಲಕರು ಜೊತೆಗೆ ಬರ್ತಾರೆ, ಹಳೆಯ ಪೋಸ್ಟ್ ಬರೋದಿಲ್ಲ. ಸುಳ್ಳು ಔಷಧಿ ಜಾಹೀರಾತು, ಬೈಗುಳ ತೆಗೆದುಹಾಕೋಕೆ ಯಾವ ಕಂಪನಿಯೂ ಬರೋದಿಲ್ಲ. ಆ ಹೊಣೆ ನಮ್ಮದೇ. ಕೀಲಿ ಕನಿಷ್ಠ ಇಬ್ಬರ ಹತ್ತಿರ ಇರಲಿ.

ವಾಟ್ಸ್‌ಆ್ಯಪ್ ಬಿಡಿ ಅಂತ ನಾನು ಹೇಳ್ತಿಲ್ಲ. ಇವತ್ತಿನ ರೇಟು, ಟ್ರ್ಯಾಕ್ಟರ್ ಬಾಡಿಗೆ, ಕರೆಂಟ್ ಯಾವಾಗ ಅನ್ನೋ ಮಾತಿಗೆ ಅದೇ ಸಾಕು. ಆದ್ರೆ ಮುಂದಿನ ವರ್ಷವೂ ಬೇಕಾಗುವ ಅನುಭವಕ್ಕೆ ಒಂದು ಕಣಜ ಬೇಕು. ಮೊದಲು ಹತ್ತು ಜನ ಸೇರಿ, ಒಂದೇ ಬೆಳೆ ಆರಿಸಿಕೊಳ್ಳಿ, ಬಿತ್ತನೆಯಿಂದ ಕೊಯ್ಲಿನವರೆಗೆ ಬರೆದಿಡಿ. ಆ ಒಂದು ಹಂಗಾಮಿನ ಲೆಕ್ಕ ನೋಡಿ, ಗುಂಪು ದೊಡ್ಡದು ಮಾಡೋದಾ ಬೇಡ್ವಾ ಅಂತ ತೀರ್ಮಾನ ಮಾಡಿ.