ಇಕ್ಕಳದಿಂದ ಲಸಿಕೆಗೆ

ಬೀಜ ಒಡೆಸಿದ ಹೋರಿಯೇ ಎತ್ತು. ಬೀದರ್, ಭಾಲ್ಕಿ, ಔರಾದ್ ಸೀಮೆಯ ದೇವಣಿ ತಳಿಯ ಹೋರಿಗಳು ನೊಗಕ್ಕೆ ಬಂದದ್ದು ಈ ದಾರಿಯಲ್ಲೇ. ಹಿಂದೆ ಹೋರಿಯನ್ನು ಕಾಲು ಕಟ್ಟಿ ಕೆಡವಿ, ಬೀಜ ಜಜ್ಜುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ಇಟಲಿಯ ಬರ್ಡಿಜೊ ರೂಪಿಸಿದ ಇಕ್ಕಳ ಚರ್ಮ ಹರಿಯದೆ ಒಳಗಿನ ವೀರ್ಯನಾಳ, ರಕ್ತನಾಳಗಳನ್ನಷ್ಟೇ ಹಿಸುಕಿತು. ಗಾಯ ತಪ್ಪಿತು, ನೋವು ತಪ್ಪಲಿಲ್ಲ.

ಇಕ್ಕಳವನ್ನೂ ಬಿಡುವ ದಾರಿ ತೆರೆದದ್ದು 1971ರಲ್ಲಿ. ಮಿದುಳಿನ ತಳದಲ್ಲಿ ಹುಟ್ಟುವ ಜಿಎನ್‌ಆರ್‌ಎಚ್ ಹಾರ್ಮೋನಿನ ರಚನೆಯನ್ನು ವಿಜ್ಞಾನಿ ಶಾಲಿಯ ತಂಡ ಹಂದಿಯ ಮಿದುಳಿನಿಂದ, ಗಿಯ್ಮಾಂ ತಂಡ ಕುರಿಯ ಮಿದುಳಿನಿಂದ ಬಿಡಿಸಿದವು. 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಬರೀ 10 ಅಮೈನೊ ಆಮ್ಲಗಳ ಈ ಹಾರ್ಮೋನು ಪಿಟ್ಯೂಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಆ ಗ್ರಂಥಿ ವೃಷಣಕ್ಕೆ ಟೆಸ್ಟೊಸ್ಟಿರಾನ್ ತಯಾರಿಸಲು ಹೇಳುತ್ತದೆ. ಈ ಹಾರ್ಮೋನನ್ನೇ ತಡೆದರೆ ಬೀಜ ಒಡೆಯದೆಯೇ ಅದೇ ಫಲ.

ಆದರೆ ತನ್ನದೇ ಹಾರ್ಮೋನಿನ ಮೇಲೆ ದೇಹ ಸಾಮಾನ್ಯವಾಗಿ ತಿರುಗಿ ಬೀಳುವುದಿಲ್ಲ. ಅದಕ್ಕೆ ವಿಜ್ಞಾನಿಗಳು ಹಾರ್ಮೋನನ್ನು ಡಿಫ್ತೀರಿಯಾ ಟಾಕ್ಸಾಯ್ಡ್‌ನಂಥ ಪರಕೀಯ ಪ್ರೋಟೀನಿಗೆ ಅಂಟಿಸಿದರು. ಪರಕೀಯನನ್ನು ಹಿಡಿಯಹೋದ ರೋಗನಿರೋಧಕ ವ್ಯವಸ್ಥೆ ಜೊತೆಗಿದ್ದ ಮನೆಯವನನ್ನೂ ಹಿಡಿಯುತ್ತದೆ. ಮೊದಲ ಚುಚ್ಚುಮದ್ದು ಸಿದ್ಧತೆಗಷ್ಟೇ. ವಾರಗಳ ನಂತರ ಎರಡನೆಯದು ಬಿದ್ದಾಗ ಪ್ರತಿಕಾಯಗಳು ಏರಿ, ಟೆಸ್ಟೊಸ್ಟಿರಾನ್ ಇಳಿದು, ವೃಷಣ ಕುಗ್ಗುತ್ತದೆ. ದೆಹಲಿಯಲ್ಲಿ ವಿಜ್ಞಾನಿ ಜಿ.ಪಿ. ತಲ್ವಾರ್ ಇದೇ ತತ್ವದ ಲಸಿಕೆಯನ್ನು ಟೆಸ್ಟೊಸ್ಟಿರಾನ್ ತಗ್ಗಿಸಲು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಿದರು.

ಮಾರುಕಟ್ಟೆ ಸಿಕ್ಕಿದ್ದು ಮಾತ್ರ ಹಂದಿಮಾಂಸದಲ್ಲಿ. ಗಂಡು ಹಂದಿಯ ಮಾಂಸದ ದುರ್ವಾಸನೆ ತಡೆಯುವ ಇಂಥದೇ ಲಸಿಕೆ ಇಂಪ್ರೊವ್ಯಾಕ್‌ಗೆ 1998ರಲ್ಲಿ ಆಸ್ಟ್ರೇಲಿಯಾದಲ್ಲಿ, 2009ರಲ್ಲಿ ಯುರೋಪಿನಲ್ಲಿ ಅನುಮತಿ ಸಿಕ್ಕಿತು. ಕೈತಪ್ಪಿ ಸೂಜಿ ಚುಚ್ಚಿಕೊಂಡ ಮನುಷ್ಯನ ಮೇಲೂ ಲಸಿಕೆ ಕೆಲಸ ಮಾಡಬಲ್ಲದು. ಆದ್ದರಿಂದಲೇ ಅದಕ್ಕೆ ಸುರಕ್ಷಾ ಕವಚದ ಸಿರಿಂಜೇ ಬೇಕು.

ಕೆಲವು ತಿಂಗಳಲ್ಲಿ ವಧೆಗೆ ಹೋಗುವ ಹಂದಿಗೆ ಲಸಿಕೆಯ ಪ್ರಭಾವ ಅಷ್ಟು ದಿನ ಉಳಿದರೆ ಸಾಕು. ಔರಾದಿನ ಎತ್ತು ವರ್ಷಗಟ್ಟಲೆ ದುಡಿಯಬೇಕು. ಲಸಿಕೆಯ ಪ್ರಭಾವ ಕರಗುವುದರಿಂದ ಪದೇ ಪದೇ ಚುಚ್ಚುವ ಖರ್ಚು ರೈತನಿಗೆ ಹೊರೆ. ಆದರೆ ತಳಿ ಉಳಿಸುವವರಿಗೆ ಇದೇ ದೌರ್ಬಲ್ಯ ವರವಾಗಬಹುದು. ಮೈ ಬಿಳಿ, ಮುಖದ ಇಬ್ಬದಿ ಕಪ್ಪಾದ ವಾನೇರಾ ಬಗೆಯ ದೇವಣಿ ಹೋರಿಯ ನಿಜವಾದ ಬೆಲೆ ತಿಳಿಯುವುದು ಅದರ ಅಕ್ಕತಂಗಿಯರು ಈದು ಹಾಲು ಕರೆದ ಮೇಲೆ. ಅಷ್ಟರೊಳಗೆ ಇಕ್ಕಳ ಬಿದ್ದಿದ್ದರೆ ಆ ರಕ್ತ ಅಲ್ಲಿಗೇ ಮುಗಿಯಿತು. ಲಸಿಕೆ ಪಡೆದ ಹೋರಿಯಲ್ಲಿ ಪ್ರತಿಕಾಯಗಳು ಇಳಿದಂತೆ ಸಾಮಾನ್ಯವಾಗಿ ಫಲವಂತಿಕೆ ಮರಳುತ್ತದೆ. ಎಲ್ಲ ಹೋರಿಗಳಲ್ಲೂ ಒಂದೇ ಸಮನಾಗಿ ಅಲ್ಲ. ಹಾಗಾಗಿ ಉಳುವ ಎತ್ತಿಗೆ ಇಕ್ಕಳವೇ ಸರಿ. ಲಸಿಕೆಯನ್ನು ಪರೀಕ್ಷಿಸಿ ನೋಡಬೇಕಾದ ಜಾಗ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ಸಾಕಿರುವಂಥ ದೇವಣಿ ಹಿಂಡು.