ಎಂಟು ಮೈಕ್, ಒಂದು ಪೆಟ್ಟಿಗೆ ಮತ್ತು ಅವ್ವನ ತತ್ವಪದ

ಎರ್ಲಾಂಗೆನ್, ಜರ್ಮನಿ: ಹೋದ ವರ್ಷ ಧಾರವಾಡದಿಂದ ಅವ್ವ ಬಂದಿದ್ದಳು. ಷೆಂಗೆನ್ ವೀಸಾದ ಲೆಕ್ಕದಲ್ಲಿ 90 ದಿನ, ಅದರ ಮೇಲೆ ಒಂದು ದಿನವೂ ಇಲ್ಲ. ಅಷ್ಟರೊಳಗೆ ಅವಳ ಬಾಯಲ್ಲಿರುವ ಶಿಶುನಾಳ ಶರೀಫರ ತತ್ವಪದಗಳನ್ನು ರೆಕಾರ್ಡ್ ಮಾಡಿಡಬೇಕೆಂದು ಹಟ ಹಿಡಿದೆ. ಊರಿನ ಭಜನಿ ಮೇಳದಲ್ಲಿ ಅವಳ ಜೊತೆ ಹಾಡುತ್ತಿದ್ದವರಲ್ಲಿ ಈಗ ಉಳಿದವರು ಇಬ್ಬರೇ. ಅವ್ವನಿಗೂ 72 ಆಯಿತು, ಮೇಲಿನ ಸ್ವರಕ್ಕೆ ಹೋದಾಗ ಉಸಿರು ಸಾಲುವುದಿಲ್ಲ.

ನನ್ನ ಹತ್ತಿರ ಇದ್ದದ್ದು ಎರಡು ಮೈಕ್ ಹಿಡಿಯುವ ಪುಟ್ಟ ಆಡಿಯೊ ಇಂಟರ್‌ಫೇಸ್. ಮೈಕಿನ ಸಣ್ಣ ಸಿಗ್ನಲ್ ಅನ್ನು ಹಿಗ್ಗಿಸಿ, ಡಿಜಿಟಲ್ ಮಾಡಿ, ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ ಅದು. ತಬಲಾಕ್ಕೆ ಒಬ್ಬ, ಪೇಟಿಗೆ ಒಬ್ಬ, ತಾಳ ಹಿಡಿದು ದನಿಗೂಡಿಸಲು ಇಬ್ಬರು ಗೆಳೆಯರು ಬಂದರು. ಎರಡೂ ಮೈಕುಗಳನ್ನು ನಡುವೆ ನಿಲ್ಲಿಸಿ ಮೂರು ವಾರಾಂತ್ಯ ಹಾಡಿಸಿದೆವು. ಕೊನೆಗೆ ಎಲ್ಲವನ್ನೂ ಕೇಳಿದ ಅವ್ವ ಕೇಳಿದ್ದು ಒಂದೇ ಮಾತು: “ನನ್ನ ದನಿ ಎಲ್ಲೈತೋ ತಮ್ಮಾ? ಬರೇ ತಾಳಾನ ಕೇಳಸ್ತೈತಲ್ಲ!”

ನಿಜವೇ ಆಗಿತ್ತು. ಎಲ್ಲ ದನಿಯೂ ಒಂದೇ ಕಡೆ ಬೆರೆತ ಮೇಲೆ ಒಂದನ್ನೇ ಹೆಚ್ಚಿಸಲು ಬರುವುದಿಲ್ಲ, ಕಲಸಿದ ಹಿಟ್ಟಿನಿಂದ ಉಪ್ಪು ಆರಿಸಿದಂತೆ. ದನಿ ಬೇರ್ಪಡಿಸುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಅವ್ವ ಬಾವಿಯೊಳಗೆ ನಿಂತು ಹಾಡಿದಂತೆ ಕೇಳಿಸಿತು. ಅಷ್ಟರಲ್ಲಿ 90 ದಿನ ಮುಗಿದಿತ್ತು.

ಮನೆಯಲ್ಲಿ ರೆಕಾರ್ಡಿಂಗ್ ಮಾಡುವವರಿಗೆ ಎಲ್ಲರೂ ಕೊಡುವ ಸಲಹೆ, ‘ಎರಡು ಮೈಕಿನ ಪೆಟ್ಟಿಗೆ ಸಾಕು, ಒಬ್ಬೊಬ್ಬರನ್ನೇ ಕೂರಿಸಿ ಹಾಡಿಸಿ, ಆಮೇಲೆ ಜೋಡಿಸಿ’ ಎಂದು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೆಟ್ರೊನೋಮ್‌ಗೆ ಹಾಡುವವರಿಗೆ ಅದು ಸರಿ. ಭಜನಿ ಹಾಗಲ್ಲ. ಅವ್ವ ಒಂದು ನುಡಿ ಎಳೆದರೆ ತಬಲಾದವನು ಅವಳ ಮುಖ ನೋಡಿ ಕಾಯುತ್ತಾನೆ, ಹಿಮ್ಮೇಳ ಅವಳ ಉಸಿರು ನೋಡಿ ಎತ್ತಿಕೊಳ್ಳುತ್ತದೆ. ಎಲ್ಲರೂ ಒಟ್ಟಿಗೆ ಕೂರಬೇಕು, ಆದರೆ ಒಬ್ಬೊಬ್ಬರ ದನಿಯೂ ಬೇರೆ ಬೇರೆ ಟ್ರ್ಯಾಕಿಗೆ ಹೋಗಬೇಕು. ಅದಕ್ಕೇ ನಾನು ರ‍್ಯಾಕ್ ಇಂಟರ್‌ಫೇಸ್‌ಗೆ ಬಂದದ್ದು.

ಲೆಕ್ಕ ಹಾಕಿದೆ. ಅವ್ವನಿಗೆ ಒಂದು, ತಬಲಾಕ್ಕೆ ಒಂದು, ದಗ್ಗಾಕ್ಕೆ ಒಂದು, ಪೇಟಿಗೆ ಒಂದು, ಹಿಮ್ಮೇಳಕ್ಕೆ ಎರಡು, ಕೋಣೆಯ ಒಟ್ಟು ನಾದಕ್ಕೆ ಎರಡು. ಸರಿಯಾಗಿ ಎಂಟು.

ಅಂಗಡಿಗೆ ಹೋದಾಗ ಗೊಂದಲ ಶುರುವಾಗುವುದೇ ಅಂಕಿಗಳಲ್ಲಿ. ನಮ್ಮೂರಿನಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ, ಬಾಂಬರ್ಗ್ ಹತ್ತಿರದ ಟ್ರೆಪೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ, 1954ರಲ್ಲಿ ಶುರುವಾದ ಟೋಮನ್ ಅಂಗಡಿಯಿದೆ. ಹೊಲಗಳ ನಡುವೆ ಅಷ್ಟು ದೊಡ್ಡ ವಾದ್ಯದಂಗಡಿ! ಅಲ್ಲಿ ನೋಡಿದರೆ, ಫೋಕಸ್‌ರೈಟ್‌ನ ಸ್ಕಾರ್ಲೆಟ್ 18ಐ20 ಪೆಟ್ಟಿಗೆಗೆ ಹೆಸರಿನಲ್ಲೇ 18 ಇನ್‌ಪುಟ್. ಆದರೆ ನೇರವಾಗಿ ಮೈಕ್ ಸಿಕ್ಕಿಸಬಹುದಾದವು ಎಂಟು. ಇನ್ನೆಂಟು ಅಡಾಟ್ ಎಂಬ ಬೆಳಕಿನ ಕೇಬಲ್‌ನಿಂದ ಬರುವಂಥವು, ಅದಕ್ಕೆ ಬೇರೊಂದು ಪೆಟ್ಟಿಗೆ ಬೇಕು. ಉಳಿದೆರಡು ಎಸ್‌ಪಿಡಿಫ್. ಬೆಹ್ರಿಂಗರ್ ಯುಎಂಸಿ1820ರಲ್ಲೂ ಮೈಕ್ ಪ್ರೀಆಂಪ್ ಎಂಟೇ. ಇನ್ನೂ ತಮಾಷೆಯೆಂದರೆ ಮ್ಯೂನಿಕ್ ಪಕ್ಕದ ಆರ್‌ಎಂಇ ಕಂಪನಿಯ ಫೈರ್‌ಫೇಸ್ ಯುಎಫ್‌ಎಕ್ಸ್ 3. ಅದಕ್ಕೆ 94 ಇನ್‌ಪುಟ್, 94 ಔಟ್‌ಪುಟ್, ಮೈಕ್ ಪ್ರೀಆಂಪ್ ಮಾತ್ರ ನಾಲ್ಕು. ಅದು ಕಳಪೆಯೆಂದಲ್ಲ, ಬಹಳ ಒಳ್ಳೆಯ ಯಂತ್ರ. ದೊಡ್ಡ ಸ್ಟುಡಿಯೊದವರ ಅಗತ್ಯ ಬೇರೆ, ನಮ್ಮ ಭಜನಿಯ ಅಗತ್ಯ ಬೇರೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಬಿಟ್ಟು ಮೈಕ್ ಪ್ರೀಆಂಪ್ ಎಷ್ಟು ಎಂದಷ್ಟೇ ಕೇಳಿ.

ಇಲ್ಲಿಗೆ ಬರುವ ಮೊದಲು ಒಂದು ಪೆಟ್ಟು ತಿಂದಿದ್ದೆ. ಎಂಟು ಮೈಕಿನ ಹಳೆಯ ಪೆಟ್ಟಿಗೆಯೊಂದು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ತಂದೆ. ಮನೆಗೆ ಬಂದು ನೋಡಿದರೆ ಅದು ಫೈರ್‌ವೈರ್‌ನದು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಕಿಂಡಿಯೇ ಇಲ್ಲ, ಡ್ರೈವರನ್ನೂ ಕಂಪನಿ ಕೈಬಿಟ್ಟು ವರ್ಷಗಳಾಗಿದ್ದವು. ಈಗಲೂ ನೆಲಮಾಳಿಗೆಯಲ್ಲಿ ಉಪ್ಪಿನಕಾಯಿ ಭರಣಿ ಪಕ್ಕದಲ್ಲಿದೆ. ವೇಗದ ಚಿಂತೆ ಬೇಡ, ಎಂಟು ಟ್ರ್ಯಾಕಿಗೆ ಸಾದಾ ಯುಎಸ್‌ಬಿ 2.0 ಧಾರಾಳ. 24 ಬಿಟ್, 48 ಕಿಲೊಹರ್ಟ್ಜ್‌ನಲ್ಲಿ ಎಂಟು ಟ್ರ್ಯಾಕ್ ಸೇರಿ ಗಂಟೆಗೆ ಸುಮಾರು 4 ಜಿಬಿ ಆಗುತ್ತದೆ, ಅಷ್ಟೇ.

ಇನ್ನೊಂದು ಮಾತು. ಕೆಲವು ರ‍್ಯಾಕ್ ಯಂತ್ರಗಳೊಳಗೆ ಫ್ಯಾನ್ ಇರುತ್ತದೆ. ಸ್ಟುಡಿಯೊದಲ್ಲಿ ಯಂತ್ರ ಒಂದು ಕೋಣೆ, ಗಾಯಕರು ಇನ್ನೊಂದು ಕೋಣೆ. ನಮ್ಮ ಫ್ಲ್ಯಾಟಿನಲ್ಲಿ ಎರಡೂ ಒಂದೇ ಹಾಲ್, ಮೆಲ್ಲಗೆ ಹಾಡುವಾಗ ಆ ಗುಂಯ್ ಸದ್ದು ಮೈಕಿಗೆ ಸಿಗುತ್ತದೆ. ಅಂಗಡಿಯಲ್ಲೇ ಆನ್ ಮಾಡಿಸಿ ಕಿವಿಯಿಟ್ಟು ಕೇಳಿ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಹಲವು ಪೆಟ್ಟಿಗೆಗಳಲ್ಲಿ ನಾಲ್ಕು ಮೈಕಿಗೆ ಒಂದೇ ಸ್ವಿಚ್ ಇರುವುದರಿಂದ ಹಳೆಯ ರಿಬ್ಬನ್ ಮೈಕ್ ಇದ್ದರೆ ಬೇರೆ ಗುಂಪಿನಲ್ಲಿ ಹಾಕಿ. ಅಮೆರಿಕದಲ್ಲಿ ಕೊಂಡು ಮುಂದೆ ಊರಿಗೆ ಒಯ್ಯುವವರು 230 ವೋಲ್ಟ್‌ಗೂ ನಡೆಯುತ್ತದೆಯೇ ಎಂದು ಹಿಂಭಾಗ ನೋಡಿಕೊಳ್ಳಿ.

ಕಬ್ಬಿಣದ ರ‍್ಯಾಕ್ ಕೊಳ್ಳುವ ಅಗತ್ಯವಿಲ್ಲ. ಯಂತ್ರದ ಅಗಲ 19 ಇಂಚು, ಒಂದು ಯೂನಿಟ್ಟಿನ ಎತ್ತರ 1.75 ಇಂಚು. ಐಕಿಯಾದ ಲ್ಯಾಕ್ ಎಂಬ ಪುಟ್ಟ ಮೇಜಿನ ಕಾಲುಗಳ ನಡುವೆ ಹೆಚ್ಚುಕಡಿಮೆ ಇಷ್ಟೇ ಜಾಗ, ನನ್ನದು ಅಲ್ಲೇ ಕೂತಿದೆ. ಉಳಿಸಿದ ಹಣ ಮೈಕ್, ಸ್ಟ್ಯಾಂಡ್, ಕೇಬಲ್‌ಗೆ ಬೇಕಾಗುತ್ತದೆ. ಎಲ್ಲ ಎಂಟೆಂಟು ಕೊಳ್ಳುವಾಗ ಪೆಟ್ಟಿಗೆಯ ಬೆಲೆಯೇ ಸಣ್ಣದಾಗಿ ಕಾಣುತ್ತದೆ. ಒಬ್ಬರೇ ಭಾವಗೀತೆ ಹಾಡಿ ಕರೋಕೆಗೆ ಸೇರಿಸುವವರಾದರೆ ದಯವಿಟ್ಟು ಇದೆಲ್ಲ ಬೇಡ, ಎರಡು ಮೈಕಿನದೇ ಸಾಕು.

ಈ ವರ್ಷ ಅವ್ವ ಮತ್ತೆ ಬಂದಳು. ಇಲ್ಲಿ ರಾತ್ರಿ 10ರ ಮೇಲೆ, ಭಾನುವಾರವಿಡೀ ಗದ್ದಲ ಮಾಡುವಂತಿಲ್ಲ. ಹಾಗಾಗಿ ಶನಿವಾರ ಮಧ್ಯಾಹ್ನವೇ ಕೂತೆವು. ತಾಳದವರನ್ನು ಅವ್ವನ ಮೈಕಿನ ಬೆನ್ನಿನ ಕಡೆ ಕೂರಿಸಿದೆ. ಆದರೂ ಸ್ವಲ್ಪ ನುಸುಳಿತು. ಒಂದೇ ಕೋಣೆಯಲ್ಲಿ ಪೂರ್ತಿ ತಡೆಯಲಾಗದು. ಸಂಜೆ ಉಳಿದ ಟ್ರ್ಯಾಕುಗಳನ್ನೆಲ್ಲ ತಗ್ಗಿಸಿ ಅವಳ ದನಿಯೊಂದನ್ನೇ ಮುಂದೆ ತಂದು ಹೆಡ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಕೊನೆತನಕ ಕೇಳಿದಳು.

“ಎರಡನೇ ನುಡ್ಯಾಗ ಉಸಿರು ತಪ್ಪೇತಿ,” ಎಂದಳು. “ಅವರನ್ನ ಮುಂದಿನ ಶನಿವಾರ ಮತ್ತ ಬರಾಕ ಹೇಳು.”